ಅಮಾನತಾದ ಚಾಲನಾ ಪರವಾನಗಿ ಮರಳಿ ಸಿಗುವ ಬಗೆ

"ಡಿಎಲ್ ಹೋಯಿತು" ಎಂಬ ಒಂದೇ ಮಾತಿನಲ್ಲಿ ಜನ ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಾರೆ. ರಸ್ತೆಯಲ್ಲಿ ಪೊಲೀಸರು ಪರವಾನಗಿಯನ್ನು ವಶಪಡಿಸಿಕೊಂಡರೂ ಅದೇ ಮಾತು, ಆರ್‌ಟಿಒ ಮೂರು ತಿಂಗಳು ಅಮಾನತಿನಲ್ಲಿಟ್ಟರೂ ಅದೇ ಮಾತು, ನ್ಯಾಯಾಲಯ ಅದನ್ನು ಪೂರ್ತಿ ರದ್ದು ಮಾಡಿದರೂ ಅದೇ ಮಾತು. 1988ರ ಮೋಟಾರು ವಾಹನಗಳ ಕಾಯ್ದೆಯ ದೃಷ್ಟಿಯಲ್ಲಿ ಈ ಮೂರರ ದಾರಿಗಳೂ ಬೇರೆ. ವಶವಾದ ಪರವಾನಗಿಯ ಮೇಲೆ ಇನ್ನೂ ಯಾವ ತೀರ್ಮಾನವೂ ಆಗಿರುವುದಿಲ್ಲ. ಅಮಾನತಾದದ್ದು ಅವಧಿ ಮುಗಿದ ಮೇಲೆ ಕೆಲವು ಷರತ್ತುಗಳೊಡನೆ ಮರಳುತ್ತದೆ. ರದ್ದಾದದ್ದು ಮರಳುವುದೇ ಇಲ್ಲ. ಅದರ ಜಾಗದಲ್ಲಿ ಹೊಸತನ್ನು ಪಡೆಯಬೇಕಾಗುತ್ತದೆ. ಕೈಗೆ ಬಂದ ಕಾಗದ ಈ ಮೂರರಲ್ಲಿ ಯಾವುದಕ್ಕೆ ಸೇರಿದ್ದು, ಅದನ್ನು ಹೊರಡಿಸಿದವರು ಯಾರು ಎಂಬುದನ್ನು ತಿಳಿಯದೆ ಕಚೇರಿಯಿಂದ ಕಚೇರಿಗೆ ಅಲೆದು ತಿಂಗಳುಗಳನ್ನು ಕಳೆದುಕೊಳ್ಳುವವರು ಬಹಳ.

ಹೆಚ್ಚಿನ ಪ್ರಕರಣಗಳು ಶುರುವಾಗುವುದು ರಸ್ತೆಯಲ್ಲೇ. ಕಾಯ್ದೆಯ 206ನೇ ಸೆಕ್ಷನ್ ಪೊಲೀಸ್ ಅಧಿಕಾರಿಗೆ ಪರವಾನಗಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಕೊಡುತ್ತದೆ. 2019ರ ತಿದ್ದುಪಡಿ ಈ ಸೆಕ್ಷನ್ನಿಗೆ ನಾಲ್ಕನೆಯ ಉಪಸೆಕ್ಷನ್ ಒಂದನ್ನು ಸೇರಿಸಿತು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ರಸ್ತೆಯಲ್ಲಿ ರೇಸ್ ನಡೆಸುವುದು, ಬೈಕಿನಲ್ಲಿ ಮೂವರು ಕೂರುವುದು, ಹೆಲ್ಮೆಟ್ ಇಲ್ಲದಿರುವುದು, ಆಂಬ್ಯುಲೆನ್ಸ್‌ಗೆ ದಾರಿ ಬಿಡದಿರುವುದು ಮುಂತಾದ ತಪ್ಪುಗಳಲ್ಲಿ ಪರವಾನಗಿಯನ್ನು ವಶಪಡಿಸಿಕೊಂಡು, ಮುಂದಿನ ಕ್ರಮಕ್ಕಾಗಿ ಪರವಾನಗಿ ಪ್ರಾಧಿಕಾರಕ್ಕೆ, ಎಂದರೆ ಆರ್‌ಟಿಒಗೆ, ಕಳಿಸಬೇಕೆಂದು ಅದು ಹೇಳುತ್ತದೆ. ಅಪಾಯಕಾರಿ ಚಾಲನೆ ಎಂಬ ಪದದೊಳಗೆ ಕೆಂಪು ದೀಪ ದಾಟುವುದು, ಮೊಬೈಲ್ ಹಿಡಿದು ಓಡಿಸುವುದು, ಏಕಮುಖ ರಸ್ತೆಯಲ್ಲಿ ಎದುರಿನಿಂದ ನುಗ್ಗುವುದೂ ಸೇರುತ್ತವೆ ಎಂಬುದನ್ನು ಮರೆಯಬಾರದು.

ವಶಪಡಿಸಿಕೊಂಡವರು ಒಂದು ತಾತ್ಕಾಲಿಕ ರಸೀದಿ ಕೊಡಲೇಬೇಕು. ಹಳೆಯ ಉಪಸೆಕ್ಷನ್‌ಗಳಡಿ ಕೊಡುವ ರಸೀದಿಗೂ ಹೊಸ ಉಪಸೆಕ್ಷನ್‌ನಡಿ ಕೊಡುವ ರಸೀದಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ಮತ್ತು ಅದನ್ನು ಚಾಲಕರಿಗೆ ಬಿಡಿಸಿ ಹೇಳುವವರು ಕಡಿಮೆ. ಹಳೆಯ ಬಗೆಯ ರಸೀದಿಯನ್ನು ಇಟ್ಟುಕೊಂಡು ಅದರಲ್ಲಿ ಬರೆದ ದಿನಾಂಕದವರೆಗೆ ವಾಹನ ಓಡಿಸಬಹುದು. ನಾಲ್ಕನೆಯ ಉಪಸೆಕ್ಷನ್‌ನಡಿ ಕೊಟ್ಟ ರಸೀದಿಗೆ ಆ ಬಲವಿಲ್ಲ. ಪರವಾನಗಿ ಕೈಗೆ ಮರಳುವವರೆಗೆ ಸ್ಟೀರಿಂಗ್ ಮುಟ್ಟುವಂತಿಲ್ಲ. ಅಂದರೆ ಆರ್‌ಟಿಒ ಇನ್ನೂ ಯಾವ ಆದೇಶವನ್ನೂ ಮಾಡದೆ ಇರುವಾಗಲೇ ಚಾಲನೆ ನಿಂತುಹೋಗುತ್ತದೆ. ದಿನದ ಬಾಡಿಗೆಯನ್ನೇ ನಂಬಿದ ಆಟೊ ಚಾಲಕನಿಗೆ ಈ ನಡುವಿನ ದಿನಗಳು ದಂಡಕ್ಕಿಂತ ಭಾರ. ಆದ್ದರಿಂದ ಇಂಥ ಪ್ರಕರಣಗಳ ವಿಚಾರಣೆಯನ್ನು ತಡಮಾಡದೆ ಮುಗಿಸುವುದು ಪ್ರಾಧಿಕಾರದ ಹೊಣೆ ಎಂದೇ ಹೇಳಬೇಕು.

ಇಲ್ಲಿ ಅಧಿಕಾರದ ಗೆರೆಯೂ ಸ್ಪಷ್ಟವಾಗಿದೆ. ಪೊಲೀಸರು ವಶಪಡಿಸಿಕೊಳ್ಳಬಹುದು, ಕಳಿಸಬಹುದು, ಅಮಾನತು ಮಾಡುವಂತಿಲ್ಲ. ಅತಿವೇಗದ ಪ್ರಕರಣವೊಂದರಲ್ಲಿ ಪೊಲೀಸ್ ಅಧಿಕಾರಿಯೇ ಪರವಾನಗಿಯನ್ನು ಅಮಾನತು ಮಾಡಿದ್ದನ್ನು 2022ರಲ್ಲಿ ಕಲ್ಕತ್ತಾ ಹೈಕೋರ್ಟ್ ಒಪ್ಪಲಿಲ್ಲ. ಅನರ್ಹಗೊಳಿಸುವ ಮತ್ತು ರದ್ದು ಮಾಡುವ ಅಧಿಕಾರ ಪರವಾನಗಿ ಪ್ರಾಧಿಕಾರದ್ದೆಂದು ಅದು ತೀರ್ಪಿತ್ತಿತು.

ಅಷ್ಟೇ ಮುಖ್ಯವಾದ ಇನ್ನೊಂದು ತಪ್ಪು ತಿಳಿವಳಿಕೆ ದಂಡದ ಬಗೆಗಿನದು. ಸ್ಥಳದಲ್ಲೇ ದಂಡ ಕಟ್ಟಿದರೆ ಪ್ರಕರಣ ಮುಗಿಯಿತೆಂಬ ನಂಬಿಕೆ ಊರೂರಲ್ಲೂ ಇದೆ. ಕರ್ನಾಟಕದಲ್ಲಿ 2023ರ ಫೆಬ್ರುವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ದಂಡ ಕಟ್ಟಿದರು. ದಂಡದ ಮಟ್ಟಿಗೆ ಅದು ಮುಕ್ತಾಯ, ನಿಜ. ಆದರೆ ರಾಜಿ ದಂಡವನ್ನು ಕುರಿತ 200ನೇ ಸೆಕ್ಷನ್ 2019ರ ನಂತರ ಬೇರೆ ಮಾತು ಹೇಳುತ್ತದೆ: ದಂಡ ಕಟ್ಟಿದ ಮಾತ್ರಕ್ಕೆ 206ನೇ ಸೆಕ್ಷನ್‌ನ ನಾಲ್ಕನೆಯ ಉಪಸೆಕ್ಷನ್‌ನಡಿಯ ಕ್ರಮದಿಂದಾಗಲಿ, ಮರುತರಬೇತಿಯ ಹೊಣೆಯಿಂದಾಗಲಿ ಬಿಡುಗಡೆಯಿಲ್ಲ. ದಂಡ ಕಟ್ಟಿ ಮುಗಿಸಿದ ತಪ್ಪು ಮುಂದಿನ ಸಲಕ್ಕೆ "ಹಿಂದಿನ ತಪ್ಪು" ಎಂದೇ ಲೆಕ್ಕಕ್ಕೆ ಬರುತ್ತದೆ. ಹೆಲ್ಮೆಟ್ ಇಲ್ಲದ್ದಕ್ಕೆ ದಂಡ ಕಟ್ಟಿ ನಿರಾಳವಾದವರಿಗೆ ಕೆಲವು ವಾರಗಳ ಮೇಲೆ ಆರ್‌ಟಿಒ ನೋಟಿಸು ಬಂದರೆ ಅದರಲ್ಲಿ ಅಚ್ಚರಿಯಿಲ್ಲ. ಆ ತಪ್ಪಿಗೆ ಕಾನೂನು ದಂಡವನ್ನೂ ಮೂರು ತಿಂಗಳ ಅನರ್ಹತೆಯನ್ನೂ ಒಟ್ಟಿಗೇ ಇಟ್ಟಿದೆ.

ಆರ್‌ಟಿಒದ ಅಧಿಕಾರ 19ನೇ ಸೆಕ್ಷನ್‌ನಲ್ಲಿದೆ. ರೂಢಿಗತ ಕುಡುಕತನ, ಮಾದಕ ವಸ್ತುಗಳ ಚಟ, ಅಪರಾಧಕ್ಕೆ ವಾಹನ ಬಳಸಿದ್ದು, ಮೋಸದಿಂದ ಪರವಾನಗಿ ಪಡೆದದ್ದು, ಸಾರ್ವಜನಿಕರಿಗೆ ಅಪಾಯ ತರುವ ಚಾಲನೆ ಮುಂತಾದ ಕಾರಣಗಳಿಗೆ ಪ್ರಾಧಿಕಾರ ಗೊತ್ತಾದ ಅವಧಿಯವರೆಗೆ ಅನರ್ಹಗೊಳಿಸಬಹುದು, ಇಲ್ಲವೆ ಪರವಾನಗಿಯನ್ನೇ ರದ್ದು ಮಾಡಬಹುದು. ಸರಕು ಸಾಗಣೆ ವಾಹನದಲ್ಲಿ ಜನರನ್ನು ತುಂಬುವುದು, ಮಿತಿಮೀರಿದ ಹೊರೆ ಹೇರುವುದು, ಪ್ರಯಾಣಿಕರ ಮೇಲೆ ಕೈ ಮಾಡುವುದು ಮುಂತಾದವುಗಳನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮ ಹೆಸರಿಸಿ ಹೇಳಿದೆ. ಬಹುಕಾಲ ಈ ಅಧಿಕಾರ ಪುಸ್ತಕದಲ್ಲೇ ಉಳಿದಿತ್ತು. ರಸ್ತೆ ಸುರಕ್ಷತೆ ಕುರಿತು ಸುಪ್ರೀಂ ಕೋರ್ಟ್ ನೇಮಿಸಿದ, ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ಸಮಿತಿ 2015ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಅತಿವೇಗ, ಕೆಂಪು ದೀಪ ದಾಟುವುದು, ಕುಡಿದು ಓಡಿಸುವುದು, ಮೊಬೈಲ್ ಬಳಕೆ, ಅಧಿಕ ಹೊರೆಯಂಥ ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳ ಅಮಾನತು ಆಗಲೇಬೇಕೆಂದು ಸೂಚಿಸಿದ ಮೇಲೆ ಅಮಾನತು ದಿನನಿತ್ಯದ ಮಾತಾಯಿತು. 2019ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ತಂದಿತು. ಪೊಲೀಸರು ಕಳಿಸಿದ ಪ್ರಕರಣಗಳಲ್ಲಿ ಮೊದಲ ತಪ್ಪಿಗೆ ಮೂರು ತಿಂಗಳ ಅನರ್ಹತೆ, ಎರಡನೆಯದಕ್ಕೆ ರದ್ದತಿ. ರದ್ದಾದವರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲೂ ಅವಕಾಶವಿದೆ.

ಇಷ್ಟು ಕಠಿಣವಾದ ಸೆಕ್ಷನ್ ಚಾಲಕನ ಕೈಗೂ ಒಂದು ಹಿಡಿತ ಕೊಟ್ಟಿದೆ. ಅವನ ಅಹವಾಲು ಕೇಳದೆ ಆದೇಶ ಮಾಡುವಂತಿಲ್ಲ. ಅಹವಾಲು ಕೇಳಿದ ಮೇಲೆ ಪ್ರಾಧಿಕಾರ ಅವನನ್ನು ಪೂರ್ತಿ ಬಿಡಬಹುದು. ಇಲ್ಲವೆ ಅನರ್ಹಗೊಳಿಸುವ ಕಾರಣಗಳನ್ನು ವಿವರವಾಗಿ ಬರೆದಿಡಬೇಕು. ಪರವಾನಗಿ ಮರಳಿ ಪಡೆಯುವ ಕೆಲಸದಲ್ಲಿ ಇದಕ್ಕಿಂತ ಬೆಲೆಯುಳ್ಳ ಗಳಿಗೆ ಇನ್ನೊಂದಿಲ್ಲ. ಹೆಚ್ಚಾಗಿ ವ್ಯರ್ಥವಾಗುವುದೂ ಇದೇ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಚಾಲಕನ ಪರವಾನಗಿಯಲ್ಲಿ ಹಾಸನದ ಹಳ್ಳಿಯ ವಿಳಾಸವಿದ್ದರೆ ನೋಟಿಸು ಹಳ್ಳಿಗೇ ಹೋಗುತ್ತದೆ. ಊರಿನಲ್ಲಿ ಅದನ್ನು ಬಿಚ್ಚಿ ನೋಡುವವರಿಲ್ಲ, ನಿಗದಿಯಾದ ದಿನ ಚಾಲಕ ಹಾಜರಾಗುವುದಿಲ್ಲ, ಆದೇಶ ಅವನಿಲ್ಲದೆಯೇ ಆಗಿಹೋಗುತ್ತದೆ. ಕೇಂದ್ರದ ಸಾರಥಿ ಜಾಲತಾಣದಲ್ಲಿ ವಿಳಾಸವನ್ನೂ ಮೊಬೈಲ್ ಸಂಖ್ಯೆಯನ್ನೂ ಸರಿಪಡಿಸಿಡುವುದು ಚಿಕ್ಕ ಕೆಲಸ. ಅದರಿಂದ ಉಳಿಯುವುದು ದೊಡ್ಡದು.

ವಿಚಾರಣೆಗೆ ಹಾಜರಾಗುವವರು ನೋಟಿಸು, ವಶದ ರಸೀದಿ, ದಂಡ ಕಟ್ಟಿದ ಚೀಟಿ, ವಾಹನದ ದಾಖಲೆಗಳನ್ನು ಒಯ್ಯಬೇಕು. ಹೇಳುವುದನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ವಾಹನ ಆ ಹೊತ್ತಿನಲ್ಲಿ ಬೇರೆಯವರ ಕೈಯಲ್ಲಿತ್ತೆ, ಕ್ಯಾಮೆರಾದ ಚಿತ್ರದಲ್ಲಿರುವ ನೋಂದಣಿ ಸಂಖ್ಯೆ ಸರಿಯಾಗಿ ಓದಲಾಗಿದೆಯೆ, ಇದೇ ಮೊದಲ ತಪ್ಪೇ ಎಂಬ ಮೂರು ಪ್ರಶ್ನೆಗಳು ಬಹಳ ಸಲ ಪ್ರಕರಣದ ದಿಕ್ಕನ್ನು ಬದಲಿಸಬಲ್ಲವು. ವಶವಾದ ದಿನದಿಂದಲೇ ದುಡಿಮೆ ನಿಂತಿದ್ದರೆ ಅದನ್ನೂ ಬರೆದು, ಆ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಕೇಳಿಕೊಳ್ಳಬಹುದು.

ಇನ್ನೊಂದು ಕೋರಿಕೆಯನ್ನು ಚಾಲಕರು ಕೇಳುವುದೇ ಅಪರೂಪ. 19ನೇ ಸೆಕ್ಷನ್‌ನ ಮೊದಲ ಉಪಸೆಕ್ಷನ್ ಪ್ರಕಾರ ಅನರ್ಹತೆ ಎಲ್ಲ ಬಗೆಯ ವಾಹನಗಳಿಗೂ ಅನ್ವಯಿಸಬೇಕೆಂದಿಲ್ಲ. ಯಾವುದೋ ಒಂದು ವರ್ಗಕ್ಕೆ ಸೀಮಿತವಾಗಿರಬಹುದು. ಹಾಗಾದಾಗ ಪ್ರಾಧಿಕಾರ ಪರವಾನಗಿಯ ಮೇಲೆ ಆ ಷರಾ ಬರೆದು ಅದನ್ನು ಹಿಂದಿರುಗಿಸಬೇಕು. ಉಳಿದ ವರ್ಗಗಳ ವಾಹನಗಳನ್ನು ಓಡಿಸಲು ಅಡ್ಡಿಯಿಲ್ಲ. ಲಾರಿ ಓಡಿಸಿ ಸಂಸಾರ ನಡೆಸುವವನ ತಪ್ಪು ಬೈಕಿಗೆ ಸಂಬಂಧಿಸಿದ್ದಾದರೆ, ಅಥವಾ ಬೈಕನ್ನು ನೆಚ್ಚಿಕೊಂಡವನ ತಪ್ಪು ಲಾರಿಯದಾದರೆ, ಈ ಕೋರಿಕೆ ಒಂದು ಮನೆಯ ಒಲೆಯನ್ನು ಉಳಿಸಬಲ್ಲದು. ಕೊಡುವುದು ಬಿಡುವುದು ಪ್ರಾಧಿಕಾರದ ವಿವೇಚನೆ. ಕೇಳದವನಿಗೆ ಮಾತ್ರ ಸಿಗುವ ಸಂಭವವೇ ಇಲ್ಲ.

ಆದೇಶ ವಿರುದ್ಧವಾಗಿ ಬಂದರೆ ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಪ್ರಾಧಿಕಾರ ಇಬ್ಬರ ಮಾತನ್ನೂ ಕೇಳಿ ಕೊಡುವ ತೀರ್ಮಾನವೇ ಅಂತಿಮ. ಅಲ್ಲಿಂದಾಚೆಗೆ ಉಳಿಯುವುದು ಹೈಕೋರ್ಟಿನ ರಿಟ್ ಅಧಿಕಾರ ಮಾತ್ರ. ಉತ್ತರ ಕರ್ನಾಟಕದವರಿಗೆ ಧಾರವಾಡ ಮತ್ತು ಕಲಬುರಗಿಯ ಪೀಠಗಳಿರುವುದರಿಂದ ಅದಕ್ಕಾಗಿ ಬೆಂಗಳೂರಿಗೆ ಬರಬೇಕಿಲ್ಲ. ಆದೇಶದ ಪ್ರತಿಯಲ್ಲಿ ಕಾರಣಗಳನ್ನು ಬರೆದಿಲ್ಲದಿದ್ದರೆ ಅಥವಾ ಅಹವಾಲು ಕೇಳಿರದಿದ್ದರೆ ಮೇಲ್ಮನವಿಗೆ ಅದೇ ಗಟ್ಟಿಯಾದ ಆಧಾರ.

ನ್ಯಾಯಾಲಯದ ಆದೇಶಗಳದು ಬೇರೆಯೇ ದಾರಿ. ಮೋಟಾರು ವಾಹನ ಅಪರಾಧದಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು 20ನೇ ಸೆಕ್ಷನ್‌ನಡಿ ಅನರ್ಹತೆಯನ್ನೂ ಸೇರಿಸಬಹುದು. ಅಪಾಯಕಾರಿ ಚಾಲನೆಗೆ ಎರಡನೆಯ ಸಲ ಶಿಕ್ಷೆಯಾದರೆ ಅನರ್ಹತೆ ಐದು ವರ್ಷದವರೆಗೂ ಹೋಗಬಹುದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ಕುಡಿದು ಓಡಿಸಿದ ಅಪರಾಧಕ್ಕೆ ಮತ್ತೊಮ್ಮೆ ಶಿಕ್ಷೆಗೆ ಒಳಗಾದವನ ಪರವಾನಗಿಯನ್ನು ನ್ಯಾಯಾಲಯ ರದ್ದು ಮಾಡಲೇಬೇಕು. 22ನೇ ಸೆಕ್ಷನ್ ಅಲ್ಲಿ ವಿವೇಚನೆಗೆ ಎಡೆ ಕೊಟ್ಟಿಲ್ಲ. ಹಿಂದೆ ಅಪಾಯಕಾರಿ ಚಾಲನೆಗೆ ಶಿಕ್ಷೆಯಾಗಿರುವವನ ಮೇಲೆ, ಅಂಥದೇ ಚಾಲನೆಯಿಂದ ಸಾವು ಅಥವಾ ತೀವ್ರ ಗಾಯ ಉಂಟುಮಾಡಿದನೆಂಬ ಪ್ರಕರಣ ದಾಖಲಾದರೆ, ಆ ದಿನದಿಂದ ಆರು ತಿಂಗಳು ಪರವಾನಗಿ ತಾನಾಗಿಯೇ ಅಮಾನತಾಗುತ್ತದೆ. ಅಷ್ಟರೊಳಗೆ ಖುಲಾಸೆಯಾದರೆ ಅಮಾನತೂ ಅಲ್ಲಿಗೇ ಮುಗಿಯುತ್ತದೆ. ಶಿಕ್ಷೆಯ ವಿರುದ್ಧ ಮೇಲ್ಮನವಿ ಹಾಕಿದ ಮಾತ್ರಕ್ಕೆ ನ್ಯಾಯಾಲಯ ವಿಧಿಸಿದ ಅನರ್ಹತೆ ನಿಲ್ಲುವುದಿಲ್ಲ. ಮೇಲಿನ ನ್ಯಾಯಾಲಯ ಹಾಗೆಂದು ಹೇಳಿದರೆ ಮಾತ್ರ ನಿಲ್ಲುತ್ತದೆ. ಆದ್ದರಿಂದ ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಬೇಕು.

ದೀರ್ಘ ಅನರ್ಹತೆಗೆ ಒಳಗಾದವರಿಗೆ ಕಾಯ್ದೆಯ 23ನೇ ಸೆಕ್ಷನ್ ಒಂದು ಬಾಗಿಲನ್ನು ತೆರೆದಿಟ್ಟಿದೆ. ಆದೇಶವಾಗಿ ಆರು ತಿಂಗಳು ಕಳೆದ ಮೇಲೆ, ಅದನ್ನು ಮಾಡಿದ ನ್ಯಾಯಾಲಯಕ್ಕೆ ಅಥವಾ ಪ್ರಾಧಿಕಾರಕ್ಕೇ ಅರ್ಜಿ ಹಾಕಿ ಅನರ್ಹತೆಯನ್ನು ತೆಗೆದುಹಾಕುವಂತೆ ಅಥವಾ ಬದಲಿಸುವಂತೆ ಕೇಳಬಹುದು. ಎಲ್ಲ ಸಂದರ್ಭಗಳನ್ನೂ ತೂಗಿನೋಡಿ ತೀರ್ಮಾನ ಕೊಡಬೇಕೆಂದು ಸೆಕ್ಷನ್ ಹೇಳುತ್ತದೆ. ಒಂದು ಸಲ ಅರ್ಜಿ ಹಾಕಿದ ಮೇಲೆ ಮತ್ತೆ ಮೂರು ತಿಂಗಳು ಕಳೆಯದೆ ಎರಡನೆಯದನ್ನು ಸ್ವೀಕರಿಸುವುದಿಲ್ಲ. ಹಾಗಾಗಿ ಅವಸರದಲ್ಲಿ ಬರಿಗೈಯ ಅರ್ಜಿ ಹಾಕುವುದು ನಷ್ಟ. ಮದ್ಯದ ಚಟ ಬಿಟ್ಟದ್ದಕ್ಕೆ ವೈದ್ಯರ ದಾಖಲೆ, ಮುಗಿಸಿದ ತರಬೇತಿಯ ಪತ್ರ, ಸಂಪಾದನೆಯ ಸ್ಥಿತಿ, ಈ ಆರು ತಿಂಗಳಲ್ಲಿ ಬೇರೆ ಪ್ರಕರಣಗಳಿಲ್ಲದಿರುವುದು ಇವೆಲ್ಲ ಜೊತೆಗಿದ್ದರೆ ಅರ್ಜಿಗೆ ತೂಕ ಬರುತ್ತದೆ. ಐದು ವರ್ಷ ಎಂದು ಕೇಳಿ ಕೈಚೆಲ್ಲಿ ಕುಳಿತವರಲ್ಲಿ ಬಹಳ ಮಂದಿಗೆ ಈ ಸೆಕ್ಷನ್ ಇರುವುದೇ ತಿಳಿದಿರುವುದಿಲ್ಲ.

ಅವಧಿ ಮುಗಿದ ಮರುದಿನವೇ ಓಡಿಸಬಹುದೆಂದು ತಿಳಿಯುವುದು ಇನ್ನೊಂದು ಅಪಾಯ. ಆರ್‌ಟಿಒ ಅಮಾನತು ಮಾಡಿದ್ದಾದರೆ, ಚಾಲಕರ ಮರುತರಬೇತಿಯನ್ನು ಪೂರೈಸಿದ ಹೊರತು ಪರವಾನಗಿಯನ್ನು ಹಿಂದಿರುಗಿಸುವಂತಿಲ್ಲವೆಂದು 19ನೇ ಸೆಕ್ಷನ್ ಈಗ ಹೇಳುತ್ತದೆ. ತರಬೇತಿ ಪಡೆಯಬೇಕಾದದ್ದು ಪರವಾನಗಿ ಹೊಂದಿದ ಚಾಲನಾ ಶಾಲೆಯಲ್ಲಿ ಅಥವಾ ಕೇಂದ್ರ ಸರ್ಕಾರ ಸೂಚಿಸಿದ ಸಂಸ್ಥೆಯಲ್ಲಿ. ಅಮಾನತಿನ ತಿಂಗಳುಗಳಲ್ಲೇ ಇದನ್ನು ಮುಗಿಸಿಕೊಂಡರೆ ಅವಧಿ ಮುಗಿದ ಮೇಲೆ ಮತ್ತೆ ಕಾಯಬೇಕಾಗುವುದಿಲ್ಲ.

ಅಪಾಯಕಾರಿ ಚಾಲನೆಯಿಂದ ಸಾವು ಅಥವಾ ತೀವ್ರ ಗಾಯವಾದ ಪ್ರಕರಣದಲ್ಲಿ ನ್ಯಾಯಾಲಯ ಅಮಾನತು ಮಾಡಿದ್ದರೆ ಷರತ್ತು ಇನ್ನೂ ಬಿಗಿ. ಅವಧಿ ಮುಗಿದ ಮೇಲೆ ಚಾಲಕನೇ ಅರ್ಜಿ ಕೊಡಬೇಕು, ವೈದ್ಯಕೀಯ ಪ್ರಮಾಣಪತ್ರ ತರಬೇಕು, ಹೊಸಬನಂತೆ ಚಾಲನಾ ಪರೀಕ್ಷೆಯನ್ನು ಮತ್ತೆ ಪಾಸು ಮಾಡಬೇಕು. ಹದಿನೈದು ವರ್ಷ ಲಾರಿ ಓಡಿಸಿದವನಿಗೂ ವಿನಾಯಿತಿಯಿಲ್ಲ. ಜನ ಇಂದಿಗೂ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕರ ಮುಂದೆ ವಾಹನವನ್ನು ಹಿಂದಕ್ಕೆ ತಿರುಗಿಸಿ ತೋರಿಸಬೇಕು. ಬೆಂಗಳೂರಿನ ಜ್ಞಾನಭಾರತಿಯಂಥ ಕಡೆಗಳಲ್ಲಿ ಸ್ವಯಂಚಾಲಿತ ಪರೀಕ್ಷಾ ಪಥಗಳಿದ್ದು, ತಪ್ಪನ್ನು ಗುರುತಿಸುವುದು ಯಂತ್ರ; ಅನುಭವಿ ಚಾಲಕರಿಗೆ ಕೈಗೆ ಹತ್ತಿದ ರೂಢಿಗಳೇ ಅಲ್ಲಿ ತೊಡಕಾಗಬಹುದು. ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ ಏಳು ದಿನಗಳ ನಂತರ ಮತ್ತೆ ಬರಬಹುದು. ಮೂರು ಸಲವೂ ಆಗದಿದ್ದರೆ 60 ದಿನ ಕಾಯಬೇಕು.

ಅಮಾನತಿನ ಅವಧಿಯಲ್ಲಿ ಕದ್ದು ಓಡಿಸುವುದೇ ಮರಳುವ ದಾರಿಯನ್ನು ಮುಚ್ಚುವ ದೊಡ್ಡ ತಪ್ಪು. 182ನೇ ಸೆಕ್ಷನ್ ಪ್ರಕಾರ ಅದಕ್ಕೆ ಮೂರು ತಿಂಗಳವರೆಗಿನ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಅಮಾನತನ್ನು ಮುಚ್ಚಿಟ್ಟು ಬೇರೆ ಪರವಾನಗಿಗೆ ಅರ್ಜಿ ಹಾಕುವುದೂ ಅದೇ ಸೆಕ್ಷನ್‌ನ ಅಪರಾಧ. ಹಾಗೆ ಪಡೆದ ಪರವಾನಗಿಗೆ ಬೆಲೆಯೇ ಇಲ್ಲ. ಕಾರ್ಡು ಕಳೆದುಹೋಯಿತೆಂದು ಹೇಳಿ ನಕಲು ತೆಗೆಸಿಕೊಳ್ಳುವ ಹಳೆಯ ಉಪಾಯವೂ ಈಗ ಸಾಗದು. 2020ರ ಅಕ್ಟೋಬರ್ 1ರಿಂದ ಅನರ್ಹಗೊಂಡ ಮತ್ತು ರದ್ದಾದ ಪರವಾನಗಿಗಳ ವಿವರವನ್ನು ಜಾಲತಾಣದಲ್ಲಿ ದಿನಾಂಕವಾರು ದಾಖಲಿಸಬೇಕೆಂಬ ನಿಯಮವಿದೆ. ಬೇರೆ ರಾಜ್ಯದ ಪೊಲೀಸರಿಗೂ ಅದು ಕಾಣುತ್ತದೆ. ಇದಕ್ಕಿಂತ ಭಯಂಕರವಾದದ್ದು ವಿಮೆಯ ಸಂಗತಿ. ಅನರ್ಹಗೊಂಡ ಅವಧಿಯಲ್ಲಿ ಓಡಿಸಿ ಅಪಘಾತವಾದರೆ ವಿಮಾ ಕಂಪನಿ ತನ್ನ ಹೊಣೆಯನ್ನು ಅಲ್ಲಗಳೆಯಲು ಕಾನೂನೇ ಅವಕಾಶ ಕೊಟ್ಟಿದೆ. ಪರಿಹಾರದ ಲಕ್ಷಾಂತರ ರೂಪಾಯಿ ಕೊನೆಗೆ ವಾಹನದ ಮಾಲೀಕನ ಮೇಲೆ, ಅಂದರೆ ಬಹಳ ಸಲ ಚಾಲಕನ ಸ್ವಂತ ಮನೆಯ ಮೇಲೆ, ಬೀಳುತ್ತದೆ. ತಿಳಿದೂ ತಿಳಿದೂ ಅಂಥವನ ಕೈಗೆ ವಾಹನ ಕೊಟ್ಟ ಮಾಲೀಕನೂ ಶಿಕ್ಷೆಗೆ ಗುರಿಯಾಗುತ್ತಾನೆ.

ಪರವಾನಗಿ ರದ್ದಾದವರು ಮೊದಲಿನಿಂದಲೇ ಆರಂಭಿಸಬೇಕು. ಆದೇಶದಲ್ಲಿ ಅನರ್ಹತೆಯ ಅವಧಿಯನ್ನೂ ಬರೆದಿದ್ದರೆ ಅದು ಮುಗಿದ ನಂತರ ಕಲಿಕಾ ಪರವಾನಗಿ (ಎಲ್‌ಎಲ್‌ಆರ್), ಅದಾಗಿ ಕನಿಷ್ಠ 30 ದಿನಗಳ ಮೇಲೆ ಚಾಲನಾ ಪರೀಕ್ಷೆ, ಆಮೇಲೆ ಹೊಸ ಪರವಾನಗಿ. ಇದರ ನಡುವೆ ಒಂದು ಅಡ್ಡಿಯನ್ನು ನಿರೀಕ್ಷಿಸಬೇಕು. ಹಿಂದೆ ಒಮ್ಮೆ ಪರವಾನಗಿ ರದ್ದಾಗಿತ್ತೆಂಬ ಕಾರಣಕ್ಕೇ ಹೊಸದನ್ನು ನಿರಾಕರಿಸುವ ಅಧಿಕಾರವನ್ನು 9ನೇ ಸೆಕ್ಷನ್ ಪ್ರಾಧಿಕಾರಕ್ಕೆ ಕೊಟ್ಟಿದೆ. ಅಲ್ಲಿಯೂ ಅರ್ಜಿದಾರನ ಮಾತು ಕೇಳಬೇಕು, ಕಾರಣ ಬರೆಯಬೇಕು, ಅದರ ಮೇಲೂ 30 ದಿನಗಳೊಳಗೆ ಮೇಲ್ಮನವಿಯಿದೆ. ರದ್ದಾದ ವಿಷಯವನ್ನು ಅರ್ಜಿಯಲ್ಲಿ ಮುಚ್ಚಿಡುವುದಕ್ಕಿಂತ, ಅದನ್ನು ಹೇಳಿ, ಆಮೇಲೆ ಏನು ಬದಲಾಗಿದೆ ಎಂಬುದನ್ನು ದಾಖಲೆಯೊಡನೆ ತೋರಿಸುವುದೇ ಕ್ಷೇಮ. ಹದಿನೆಂಟು ತುಂಬದೆ ವಾಹನ ಓಡಿಸಿ ಸಿಕ್ಕಿಬಿದ್ದ ಮಕ್ಕಳ ಸ್ಥಿತಿ ಇದಕ್ಕಿಂತ ಕಷ್ಟದ್ದು: 2019ರ ನಂತರ ಅವರಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ.

ತಪ್ಪೇ ಇಲ್ಲದೆ ಪರವಾನಗಿ ಕಳೆದುಕೊಳ್ಳುವವರೂ ಇದ್ದಾರೆ. ಕಾಯಿಲೆ ಅಥವಾ ಅಂಗವೈಕಲ್ಯದಿಂದ ಚಾಲನೆ ಅಪಾಯಕರವೆಂದು ಕಂಡರೆ 16ನೇ ಸೆಕ್ಷನ್ ಪ್ರಕಾರ ಪರವಾನಗಿಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಇದು ಶಿಕ್ಷೆಯಲ್ಲ, ಇಲ್ಲಿ ನಡೆಯುವುದು ವೈದ್ಯರ ಮಾತು. ಕಾಯಿಲೆ ಹತೋಟಿಗೆ ಬಂದ ಮೇಲೆ ವೈದ್ಯಕೀಯ ಪ್ರಮಾಣಪತ್ರದೊಡನೆ ಹೊಸದಾಗಿ ಅರ್ಜಿ ಹಾಕಬಹುದು. ಕಾಲಿನ ಶಕ್ತಿ ಕುಂದಿದವರು ತಮ್ಮ ದೇಹಕ್ಕೆ ತಕ್ಕಂತೆ ಮಾರ್ಪಡಿಸಿದ ವಾಹನಕ್ಕೆ ಸೀಮಿತವಾದ ಪರವಾನಗಿಯನ್ನು ಕೇಳಬಹುದು.

ಅಮಾನತಿನ ತಿಂಗಳುಗಳಲ್ಲಿ ಪರವಾನಗಿಯ ಸ್ವಂತ ಅವಧಿ ಮುಗಿಯುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ನವೀಕರಣದ ದಿನ ದಾಟಿ ಒಂದು ವರ್ಷ ಕಳೆದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ.

ಪರವಾನಗಿ ಕೈಗೆ ಬಂದ ಮೇಲೂ ಅದರ ಮೇಲಿನ ಷರಾ ಉಳಿಯುತ್ತದೆ. ಹೊಸ ಕಾರ್ಡು ಪಡೆದರೂ, ನಕಲು ಪಡೆದರೂ ಅದು ಜೊತೆಗೇ ಸಾಗುತ್ತದೆ. ಕೊನೆಯ ಷರಾ ಬಿದ್ದ ದಿನದಿಂದ ಮೂರು ವರ್ಷ ಬೇರೆ ಯಾವ ಷರಾ ಇಲ್ಲದೆ ಕಳೆದರೆ, ಶುಲ್ಕ ಕಟ್ಟಿ ಹಳೆಯದನ್ನು ಒಪ್ಪಿಸಿ, ಷರಾ ಇಲ್ಲದ ಹೊಸ ಪರವಾನಗಿ ಪಡೆಯುವ ಹಕ್ಕನ್ನು 25ನೇ ಸೆಕ್ಷನ್ ಕೊಡುತ್ತದೆ. ಷರಾ ಕೇವಲ ವೇಗದ ಮಿತಿ ಮೀರಿದ್ದಕ್ಕಾದರೆ ಒಂದೇ ವರ್ಷ ಸಾಕು. ಅನರ್ಹನಾಗಿದ್ದ ದಿನಗಳನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ಶಾಲಾ ವಾಹನದ, ಟ್ಯಾಕ್ಸಿಯ, ಸರಕು ಸಾಗಣೆಯ ಕೆಲಸಕ್ಕೆ ಸೇರುವವರ ಪರವಾನಗಿಯನ್ನು ಮಾಲೀಕರು ಮೊದಲು ತಿರುವಿ ನೋಡುವುದರಿಂದ, ಆ ದಿನ ಬಂದಾಗ ಆರ್‌ಟಿಒಗೆ ಹೋಗಿ ಈ ಅರ್ಜಿಯನ್ನು ಕೊಡಬೇಕು. ಷರಾ ತಾನಾಗಿ ಅಳಿಸಿಹೋಗುವುದಿಲ್ಲ.